ಕಣದ ಬಿಸಿಲು

"ಬಿಸಿ ಅಲ್ಲ ಕಣ್ರೀ, ಬೆಳಕು," ಎಂದು ಶ್ರೀರಂಗಯ್ಯ ಹೇಳಿದಾಗ ಗಿರಿಜಾಂಬಿಕಾ ಒಬ್ಬಟ್ಟು ಮುರಿಯುತ್ತಿದ್ದಳು. ದಬ್ಬೇಘಟ್ಟದ ಅಕ್ಕನ ಮನೆಯಲ್ಲಿ ಮೊಮ್ಮಗಳ ನಾಮಕರಣ. ಶಾಮಿಯಾನದ ಕೆಳಗೆ ಮೊದಲ ಪಂಕ್ತಿ ಕೂತಿತ್ತು, ಎಲೆಯ ಮೇಲೆ ಬಡಿಸಿದ ತುಪ್ಪ ಹರಿದು ಕೋಸಂಬರಿಯನ್ನು ಮುಟ್ಟಿತ್ತು. ಶ್ರೀರಂಗಯ್ಯ ಅಕ್ಕನ ಪಕ್ಕದ ತೋಟದವರು. ಹೋದ ಬೇಸಿಗೆಯಲ್ಲಿ ಬೋರ್‌ವೆಲ್ಲಿಗೆ ಸೋಲಾರ್ ಪಂಪು ಹಾಕಿಸಿದಂದಿನಿಂದ ಮದುವೆಯಾಗಲಿ ತಿಥಿಯಾಗಲಿ ಅವರಿಗೆ ಬೇರೆ ಮಾತಿರಲಿಲ್ಲ. "ನಾನೂ ನಿಮ್ಮಂಗೇ ಅನ್ಕಂಡಿದ್ದೆ. ನೀರು ಕಾಯಿಸೋ ಸೋಲಾರ್ ಥರಾ ಇದೂ ಬಿಸ್ಲಿಗೆ ಕಾದು ಕಾದು ಕರೆಂಟ್ ಕೊಡುತ್ತೆ ಅಂತ. ಊಹ್ಞೂಂ. ಕೈ ಸುಡೋ ಅಷ್ಟು ಕಾದಿದ್ರೂ ಅಷ್ಟೇಯ, ಮೇಲೊಂದು ಗರಿ ನೆಳ್ಳು ಬಿದ್ರೆ ಮೋಟ್ರು ಕೆಮ್ಮಿ ಕೆಮ್ಮಿ ನಿಂತೋಗುತ್ತೆ. ಅದುಕ್ಕೇ ಪೂರ್ವದ ಕಡೆ ಒಂದು ಮರ ಕಡಿಸ್ಬುಟ್ಟೆ." ಫಸಲು ಬಿಡುವ ತೆಂಗಿನ ಮರ ಕಡಿಸಿದರೆಂದು ಕೇಳಿದ್ದೇ ತಡ ಇಡೀ ಪಂಕ್ತಿ ಅವರ ಮೇಲೆ ಬಿತ್ತು. ಆ ಸೀಮೆಯಲ್ಲಿ ಮನುಷ್ಯನ ಕಾಲು ಮುರಿದರೂ ಕ್ಷಮೆಯುಂಟು, ಕಾಯಿ ಬಿಡುವ ಮರಕ್ಕೆ ಕೊಡಲಿ ಹಾಕಿದವನಿಗಿಲ್ಲ. ಮಾತೆಲ್ಲ ಮರದ ಕಡೆ ತಿರುಗಿತು. ಮೊದಲು ಆಡಿದ ಮಾತು ಕಿವಿಗೆ ಬಿದ್ದದ್ದು ಗಿರಿಜಾಂಬಿಕೆಗೆ ಒಬ್ಬಳಿಗೇ.

ಬಾಯಿಗೆ ಹೋಗಬೇಕಾಗಿದ್ದ ತುತ್ತು ಕೈಯಲ್ಲೇ ನಿಂತಿತು. ಬೆಳಗ್ಗೆ ಹಂದನಕೆರೆಯ ಮನೆಗೆ ಬೀಗ ಹಾಕುವ ಮುಂಚೆ ಅವಳು ಮಾಡಿದ ಕೊನೆಯ ಕೆಲಸವೆಂದರೆ ಕೊಬ್ಬರಿ ಹರವಿದ್ದು. ಗಾಣಕ್ಕೆ ಕಳಿಸಬೇಕಾದ ಹೋಳು ಕೊಬ್ಬರಿ ಒಂದು ಮಂಕರಿ ಇತ್ತು, ಅಟ್ಟದಲ್ಲಿ ತೇವ ಹಿಡಿದು ಅಂಚಿನಲ್ಲಿ ಹಸಿರು ಬೂಷ್ಟು ಕಾಣಿಸಿಕೊಂಡಿತ್ತು. ಮನೆಯ ಸುತ್ತ ತೆಂಗು, ಎಲ್ಲಿ ನೋಡಿದರೂ ನೆರಳು. ಸಂಜೆಯ ತನಕ ನಿಗಿನಿಗಿ ಬಿಸಿಲು ಬೀಳುವುದು ಮನೆ ಮುಂದಿನ ಕಣದ ಮೇಲೆ ಮಾತ್ರ, ಆ ಕಣದಲ್ಲಿ ಈಗ ಸೊಸೆಯ ಸೋಲಾರ್ ಹಲಗೆಗಳು ಕಬ್ಬಿಣದ ಕಾಲಿನ ಮೇಲೆ ಸೊಂಟದೆತ್ತರಕ್ಕೆ ಮಲಗಿವೆ. ಗಿರಿಜಾಂಬಿಕಾ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದ್ದಳು. ಬೆಳಗಿನ ಬಿಸಿಲಿಗೇ ಹೆಂಚಿನ ಹಾಗೆ ಕಾಯುತ್ತಿತ್ತು. ಹಳೇ ಸೀರೆಯೊಂದನ್ನು ಅದರ ಉದ್ದಕ್ಕೂ ಹಾಸಿ, ಜಾರದಿರಲೆಂದು ನಾಲ್ಕು ಮೂಲೆಯನ್ನೂ ಕಬ್ಬಿಣದ ಕಾಲಿಗೆ ಕಟ್ಟಿ, ಮಂಕರಿ ಬೋರಲು ಹಾಕಿ ಹೋಳುಗಳನ್ನು ಒಂದರ ಪಕ್ಕ ಒಂದರಂತೆ ನೀಟಾಗಿ ಜೋಡಿಸಿದ್ದಳು. ಸೀರೆಯ ಕೆಳಗೂ ಬಿಸಿ ಇದ್ದೇ ಇರುತ್ತದೆ, ಅದರ ಕೆಲಸ ಅದು ಮಾಡಿಕೊಳ್ಳಲಿ, ನನ್ನ ಕೆಲಸ ನನಗಾಗಲಿ ಎಂದುಕೊಂಡಿದ್ದಳು. ಒಂದೇ ಒಂದು ಚೂರು ಹಲಗೆಯೂ ಕಾಣದ ಹಾಗೆ ಹರವಿದ್ದಳು.

ಮಿಕ್ಕದ್ದು ಒಂದೊಂದೇ ನೆನಪಿಗೆ ಬರತೊಡಗಿತು, ಬೇಡವೆಂದರೂ. ರಾತ್ರಿಯೆಲ್ಲ ಕರೆಂಟಿರಲಿಲ್ಲ. ಬೆಳಗ್ಗೆ ಪಡಸಾಲೆಯ ಮೂಲೆಯಲ್ಲಿರುವ ಬ್ಯಾಟರಿಯ ದೀಪ ಕೆಂಪಗಿತ್ತು. ಸೊಸೆ ಅನುಪಮಾ ಹುಳಿಯಾರಿನ ಕಾಲೇಜಿಗೆ ಪಾಠ ಮಾಡಲು ಹೊರಟವಳು ಸ್ಕೂಟರಿನ ಮೇಲೆ ಕೂತು ಒಮ್ಮೆ ಆಕಾಶ ನೋಡಿ, "ಮೋಡ ಇಲ್ಲ, ಬಿಸ್ಲು ಬಂದ್ರೆ ತುಂಬ್ಕಳುತ್ತೆ ಬಿಡಿ ಅತ್ತೆ," ಎಂದು ಹೋಗಿದ್ದಳು. ಗಂಡ ರೇಣುಕಪ್ರಸಾದ್, ಮಗ ಬಸವಕುಮಾರ್ ಇಬ್ಬರೂ ತಿಪಟೂರಿನ ಕೊಬ್ಬರಿ ಅಂಗಡಿಗೆ ಹೋಗಿಯಾಗಿತ್ತು. ಆಮೇಲೆ ಬೀದಿಯಲ್ಲಿ ಲೈನ್‌ಮನ್ ಸಿಕ್ಕಿ, ಇವತ್ತು ಲೈನ್ ಕೆಲಸ, ಸಂಜೆವರೆಗೂ ಕರೆಂಟ್ ಬರಲ್ಲ ಕಣಮ್ಮ ಎಂದಿದ್ದ. ಇವೆಲ್ಲ ಅವಳಿಗೆ ಗೊತ್ತಿದ್ದ ಸಂಗತಿಗಳೇ. ಒಂದಕ್ಕೊಂದು ಗಂಟು ಹಾಕಿ ನೋಡಿರಲಿಲ್ಲ. ಕಣದ ಆ ತುದಿಯ ಸಿಮೆಂಟಿನ ತೊಟ್ಟಿಯಲ್ಲಿ ಗೆಂಡೆ ಮೀನುಗಳಿವೆ. ಅವುಗಳ ಕೊಳೆ ನೀರನ್ನು ಒಂದು ಮೋಟಾರು ಮೇಲಕ್ಕೆತ್ತಿ ಜಲ್ಲಿ ತುಂಬಿದ ಪಾತಿಗಳಿಗೆ ಬಿಡುತ್ತದೆ. ಅಲ್ಲಿ ಮಣ್ಣಿಲ್ಲದೆ ಬೆಳೆದಿರುವ ದಂಟು, ಪುದೀನ, ಟೊಮೆಟೊ ಆ ಕೊಳೆಯನ್ನು ಉಂಡು ನೀರನ್ನು ತಿಳಿ ಮಾಡಿ ವಾಪಸು ಕೊಡುತ್ತವೆ. ಇನ್ನೊಂದು ಪುಟ್ಟ ಮೋಟಾರು ಹಗಲೂ ರಾತ್ರಿ ನೀರಿಗೆ ಗಾಳಿ ಊದುತ್ತದೆ. "ಗಾಳಿ ನಿಂತ್ರೆ ಒಂದೆರಡು ಗಂಟೆ ಅಷ್ಟೇ ಅತ್ತೆ," ಎಂದು ಅನುಪಮಾ ಮೊದಲ ದಿನವೇ ಹೇಳಿದ್ದಳು. ನಮ್ಮೂರಿನ ಕರೆಂಟನ್ನು ನಂಬಿ ಜೀವ ಸಾಕುವುದಕ್ಕಾಗುತ್ತದೆಯೇ, ಅದಕ್ಕೇ ಈ ಹಲಗೆ, ಈ ಬ್ಯಾಟರಿ ಎಂದಿದ್ದಳು.

ಗಿರಿಜಾಂಬಿಕಾ ಎಲೆ ಬಿಟ್ಟು ಎದ್ದಳು. ಇನ್ನೂ ಅನ್ನ ಬಂದಿರಲಿಲ್ಲ. ಪಂಕ್ತಿಯ ಮಧ್ಯೆ ಏಳಬಾರದು, ಅದರಲ್ಲೂ ಮಗುವಿಗೆ ಹೆಸರಿಟ್ಟ ದಿನ ಏಳಬಾರದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆಯವರಿಗೆ ಹೇಳಿಕೊಡುತ್ತಿದ್ದವಳೇ ಅವಳು. ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದ ಅಕ್ಕ ಶಿವರುದ್ರಮ್ಮ ಅಲ್ಲೇ ನಿಂತಳು.

"ಯಾಕೇ ಗಿರಿಜಾ, ಏನಾಯ್ತೇ?"

"ಅಕ್ಕ, ಒಲೆ ಮೇಲೆ ಹಾಲಿಟ್ಟು ಮರ್ತು ಬಂದ್ಬುಟ್ಟಿದೀನಿ."

"ಬೆಳಗ್ಗೆ ಬಸ್ ಹತ್ತಿದೋಳು ಈಗ ಹಾಲು ಅಂತೀಯ. ಇಷ್ಟೊತ್ಗೆ ಹಾಲಲ್ಲ ಕಣೆ, ಮನೇನೇ ಉಕ್ಕಿ ಹೋಗಿರುತ್ತೆ ಬುಡು. ಕೂತ್ಕಂಡು ಊಟ ಮಾಡು."

ಪಂಕ್ತಿಯಲ್ಲಿ ಯಾರೋ ನಕ್ಕರು. ಗಿರಿಜಾಂಬಿಕೆಯ ಮುಖ ಬಿಸಿಯಾಯಿತು. ಸುಳ್ಳು ಹೇಳುವ ಅಭ್ಯಾಸವಿಲ್ಲದವರು ಹೇಳಿದರೆ ಹೀಗೇ ಆಗುವುದು. "ಬತ್ತೀನಿ ಅಕ್ಕ, ಬೈಕೋಬೇಡ," ಎಂದು ಕೈಯನ್ನೂ ಸರಿಯಾಗಿ ತೊಳೆಯದೆ ಚೀಲ ತೆಗೆದುಕೊಂಡು ರಸ್ತೆಗೆ ಬಂದಳು. ಹಿಂದಿನಿಂದ ಅಕ್ಕ, "ತಾಂಬೂಲಾನಾದ್ರೂ ತಗಂಡೋಗೆ," ಎನ್ನುತ್ತಿದ್ದದ್ದು ಕೇಳಿಸಿತು. ತಿರುಗಲಿಲ್ಲ. ತಿರುಗಿದರೆ ಕೂತುಬಿಡುತ್ತೇನೆಂದು ಹೆದರಿದಳು.

ತುರುವೇಕೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲದಲ್ಲಿ ಫೋನಿದೆ. ತೆಗೆದು ಒಂದು ಮಾತು ಹೇಳಿದರೆ ಮುಗಿಯಿತು. ಹುಳಿಯಾರಿನಿಂದ ಅನುಪಮಾ ಸ್ಕೂಟರಿನಲ್ಲಿ ತನಗಿಂತ ಎಷ್ಟೋ ಮುಂಚೆ ಮನೆ ಮುಟ್ಟುತ್ತಾಳೆ. ಫೋನ್ ತೆಗೆದಳು, ಸೊಸೆಯ ಹೆಸರಿನ ತನಕ ಬೆರಳು ಹೋಯಿತು, ಮತ್ತೆ ಚೀಲಕ್ಕೆ ಹಾಕಿದಳು. ಏನೆಂದು ಹೇಳುವುದು. ನಿನ್ನ ಹಲಗೆಯ ಮೇಲೆ ಕೊಬ್ಬರಿ ಹರವಿದೆ, ನಿನ್ನ ಮೀನು ಸಾಯುತ್ತಿರಬಹುದು ಎಂದು ಹೇಳಿದರೆ ಯಾರು ತಾನೇ ಇದನ್ನು ಮರೆವು ಅನ್ನುತ್ತಾರೆ. ಹೋದ ತಿಂಗಳು ಇದೇ ಅಕ್ಕನ ಜೊತೆ ಫೋನಿನಲ್ಲಿ, "ಅವು ಯಾವತ್ತು ಸಾಯ್ತವೋ ಆವತ್ತು ನಂಗೆ ಬಿಡುಗಡೆ," ಎಂದು ಹೇಳಿ ತಿರುಗಿದಾಗ ಬಾಗಿಲಲ್ಲಿ ಅನುಪಮಾ ನಿಂತಿದ್ದಳು, ಕೈಯಲ್ಲಿ ಆಗ ತಾನೆ ಕೊಯ್ದ ಪುದೀನ. ಕೇಳಿಸಿಕೊಂಡಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. "ಚಟ್ನಿಗೆ ಸಾಕಾ ಅತ್ತೆ?" ಎಂದಿದ್ದಳು ಅಷ್ಟೇ. ಆವತ್ತಿನ ಚಟ್ನಿ ಗಿರಿಜಾಂಬಿಕೆಯ ಗಂಟಲಲ್ಲಿ ಇಳಿದಿರಲಿಲ್ಲ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಹೋದರೆ ಇನ್ನೊಂದು ಸಲ ಆಡಿದ ಹಾಗಾಗುತ್ತದೆಂದು ಸುಮ್ಮನಿದ್ದಳು. ಈಗ ಆ ಮಾತೇ ಸಾಕ್ಷಿ ಹೇಳಲು ನಿಂತಿದೆ.

ಮಗ ಅನುಪಮಾಳನ್ನು ಮದುವೆಯಾಗುತ್ತೇನೆಂದಾಗ ಮನೆಯಲ್ಲಿ ಆದ ರಂಪದ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ನಾವು ಲಿಂಗ ಕಟ್ಟುವವರು, ಅವರು ಮೀನು ಮಾಂಸ ತಿನ್ನುವವರು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವುದಕ್ಕೇ ಗಿರಿಜಾಂಬಿಕೆಗೆ ಆಗ ನಾಲಗೆ ಹೊರಳುತ್ತಿರಲಿಲ್ಲ. ಹುಡುಗಿ ಬಂದಳು, ತಿನ್ನುವುದನ್ನು ಬಿಟ್ಟಳು, ಯಾರೂ ಬಿಡು ಎಂದಿರಲಿಲ್ಲ, ಬಿಡಬೇಡ ಎಂದೂ ಅಂದಿರಲಿಲ್ಲ. ಒಮ್ಮೆ ಅವಳ ತಾಯಿ ತಿಮ್ಮಕ್ಕ ಮಗಳನ್ನು ನೋಡಲು ಬಂದಾಗ ಗಿರಿಜಾಂಬಿಕಾ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಿದ್ದಳು. ಸ್ಟೀಲ್ ಲೋಟ ತೊಳೆದಿಲ್ಲ ಎಂದಿದ್ದಳು, ಕೇಳದಿದ್ದರೂ. ಅನುಪಮಾ ಏನೂ ಮಾತಾಡದೆ ಒಳಗೆ ಹೋಗಿ ತಾನೂ ಒಂದು ಕಾಗದದ ಲೋಟ ತಂದು, ತನ್ನ ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು, ತಾಯಿಯ ಪಕ್ಕ ಕೂತು ಕುಡಿದಿದ್ದಳು. ಒರಟಾಗಿ ಎರಡು ಮಾತು ಅಂದಿದ್ದರೆ ತಿರುಗಿ ಅನ್ನಬಹುದಿತ್ತು. ಈ ಹುಡುಗಿಯದು ಯಾವಾಗಲೂ ಹೀಗೇ, ಜಗಳಕ್ಕೆ ತುದಿಯೇ ಸಿಗುವುದಿಲ್ಲ. ಮೀನು ಸಾಕುತ್ತೇನೆಂದು ಬಂದಾಗಲೂ ಅಷ್ಟೇ, ಕೇಳಿದ್ದು ಒಂದೇ ಸಲ, ಮೆಲ್ಲಗೆ. ಗಿರಿಜಾಂಬಿಕಾ ಉರಿದುಬಿದ್ದು, ಆಮೇಲೆ ಮಗನ ಮುಖ ನೋಡಿ, ಒಂದು ಕರಾರು ಹಾಕಿ ಒಪ್ಪಿದ್ದಳು: ಈ ಕಾಂಪೌಂಡಿನೊಳಗೆ ಒಂದು ಜೀವ ಹೋಗಬಾರದು, ಹೋದ ದಿನ ತೊಟ್ಟಿ ಕೀಳಿಸುತ್ತೇನೆ. ಅಂದಿನಿಂದ ಬೆಳೆದ ಮೀನು ಡ್ರಮ್ಮಿನ ನೀರಿನಲ್ಲಿ ಈಜಾಡುತ್ತಲೇ ಗೇಟು ದಾಟಿ ಅನುಪಮಾಳ ತಂದೆ ಕೆಂಪಯ್ಯನ ಊರಿಗೆ ಹೋಗುತ್ತದೆ. ಅಲ್ಲಿ ಅದರ ಗತಿ ಏನೆಂದು ಗಿರಿಜಾಂಬಿಕಾ ಕೇಳುವುದಿಲ್ಲ. ಗೇಟು ದಾಟಿದ ಮೇಲೆ ಅದರ ಹಣೆಬರಹ ಅದಕ್ಕೆ. ಶಿವ ಲೆಕ್ಕ ಕೇಳುವುದು ಗೇಟಿನೊಳಗಿನದಕ್ಕೆ ಮಾತ್ರ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು.

ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿದಳು. ತಿಪಟೂರಿನ ಬಸ್ಸು ಭರ್ತಿಯಾಗಿತ್ತು, ಕಂಬಿ ಹಿಡಿದು ನಿಂತಳು. ಬಸ್ಸಿನೊಳಗೆ ಗಾಳಿಯಿಲ್ಲ, ಬೆವರು ಮತ್ತು ಹೂವಿನ ವಾಸನೆ. ಪಕ್ಕದಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ್ದ ಮಗು ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ಗಾಳಿ ಸಾಲದಿದ್ದರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತವಂತೆ. ಅನುಪಮಾ ಯಾವತ್ತೋ ಬಸವಕುಮಾರನಿಗೆ ಹೇಳುತ್ತಿದ್ದದ್ದು ಇವಳ ಕಿವಿಗೂ ಬಿದ್ದಿತ್ತು. ಗಿರಿಜಾಂಬಿಕಾ ಯಾಕೆಂದು ತಿಳಿಯದೆ ಉಸಿರು ಬಿಗಿಹಿಡಿದಳು. ಹೊರಗೆ ತೆಂಗಿನ ತೋಟವೊಂದು ಶುರುವಾಗಿತ್ತು, ಅದು ಮುಗಿಯುವವರೆಗೂ ಹಿಡಿಯಬೇಕೆಂದುಕೊಂಡಳು. ತೋಟ ಮುಗಿಯಲೇ ಇಲ್ಲ. ಎದೆ ಉರಿಯಿತು, ಕಿವಿಯಲ್ಲಿ ಗುಂಯ್ ಎಂದಿತು, ಬಾಯಿ ತಾನಾಗಿ ತೆರೆದುಕೊಂಡಿತು. ಪಕ್ಕದ ಹೆಂಗಸು, "ಹುಷಾರಿಲ್ವಾ ಅಮ್ಮ? ಕೂತ್ಕಳಿ," ಎಂದು ಜಾಗ ಮಾಡಿಕೊಟ್ಟಳು. ಅಷ್ಟು ಸಾಕಾಯಿತು, ಕಣ್ಣಲ್ಲಿ ನೀರು ಬಂತು. ಸುಳ್ಳು ರೋಗಕ್ಕೆ ನಿಜವಾದ ಸೀಟು ಸಿಕ್ಕಿದೆ ಎಂದು ಕೂತಳು.

ಕೂತ ಮೇಲೆ ಇನ್ನೂ ಕೆಟ್ಟ ಯೋಚನೆ ಬಂತು. ಬೇಕಂತಲೇ ಮಾಡಿದೆನೇ? ಬೇರೆಯವರು ಏನನ್ನುತ್ತಾರೋ ಅದು ಆಮೇಲಿನ ಮಾತು. ತನಗೇ ಗೊತ್ತೇ? ಕೊಬ್ಬರಿ ಹರವುವಾಗ ಮನಸ್ಸಿನಲ್ಲಿ ಏನಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದಳು. ಸೀರೆಯ ಮೂಲೆ ಕಟ್ಟುವಾಗ ಒಂದು ಖುಷಿ ಇತ್ತು, ಅದನ್ನು ಇಲ್ಲವೆನ್ನಲಾಗದು. ಆ ಕಣ ಅವಳದು. ಅತ್ತೆಯ ಕಾಲದಲ್ಲಿ ಸಗಣಿ ಬಳಿದ ನೆಲವಾಗಿದ್ದನ್ನು ಹಟ ಹಿಡಿದು ಸಿಮೆಂಟು ಹಾಕಿಸಿದವಳು ಅವಳು. ರಾಗಿ, ಹುರುಳಿ, ಕೊಬ್ಬರಿ, ಹಪ್ಪಳ, ಎಲ್ಲ ಅಲ್ಲೇ ಒಣಗಿದ್ದು. ಬಾಣಂತಿಯಾಗಿದ್ದಾಗ ಬಸವಕುಮಾರನನ್ನು ಎಳೆಬಿಸಿಲು ಕಾಯಿಸಿದ್ದೂ ಅಲ್ಲೇ. ಹಲಗೆ ಕೂರಿಸಲು ಬಂದವರು, "ಬಿಸ್ಲು ಇರೋ ಜಾಗ ಇದೊಂದೇ ಕಣಮ್ಮ," ಎಂದಾಗ ಅವಳು ಹೂಂ ಎಂದಿದ್ದಳು. ಎಷ್ಟೋ ದಿನದಿಂದ ಆ ಹೂಂ ಒಳಗೆ ಮುಳ್ಳಿನ ಹಾಗೆ ಕೂತಿತ್ತು. ಇವತ್ತು ಹೋಳು ಜೋಡಿಸುತ್ತ, ನನ್ನ ಬಿಸಿಲು ನನಗೆ ಬಂತು ಎಂದುಕೊಂಡಿದ್ದು ನಿಜ. ಆದರೆ ಮೀನು ಸಾಯಲಿ ಎಂದುಕೊಂಡಿದ್ದೆನೇ? ಇಲ್ಲ. ಇಲ್ಲವೆಂದು ಖಾತ್ರಿಯೇ? ಮನಸ್ಸಿನ ತಳದಲ್ಲಿ ಏನಿದೆಯೆಂದು ಯಾರು ಬಗ್ಗಿ ನೋಡಿದ್ದಾರೆ. ತನಗೆ ತಾನೇ ಲಾಯರಾಗಿ ತಾನೇ ಜಡ್ಜಾಗಿ ಅವಳು ಸೋಲುತ್ತಿದ್ದಳು. ಮೀನು ಸತ್ತರೆ ಅನುಪಮಾ ಒಂದು ಮಾತೂ ಅನ್ನುವುದಿಲ್ಲ, ಅದೇ ಭಯ. ಸತ್ತ ಮೀನನ್ನು ಒಂದೊಂದಾಗಿ ತೆಗೆದು ಹಾಕಿ, ಅಡುಗೆಮನೆಗೆ ಬಂದು, "ರಾತ್ರಿಗೆ ಏನ್ ಮಾಡ್ಲಿ ಅತ್ತೆ?" ಎಂದು ಕೇಳುತ್ತಾಳೆ. ಈ ಜನ್ಮಕ್ಕಾಗುವಷ್ಟು ಹಾಗೇ ಕೇಳುತ್ತಿರುತ್ತಾಳೆ.

ತಾನೇ ಮೊದಲು ಹೋಗಿ ಕೊಬ್ಬರಿ ತೆಗೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಟರಿ ಕೆಟ್ಟಿತು ಎಂದುಕೊಳ್ಳುತ್ತಾರೆ, ಮಾರಿದವನನ್ನು ಬಯ್ಯುತ್ತಾರೆ. ಈ ಯೋಚನೆ ದಬ್ಬೇಘಟ್ಟ ಬಿಟ್ಟಾಗಿನಿಂದ ಅವಳ ಜೊತೆಗೇ ಟಿಕೆಟ್ಟಿಲ್ಲದೆ ಬರುತ್ತಿತ್ತು. ಅದಕ್ಕೇ ತಾನೆ ಫೋನ್ ಮಾಡದೆ ಬಸ್ಸು ಹತ್ತಿದ್ದು. ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹಂದನಕೆರೆಯ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತಳು, ಎದ್ದಳು. ಬಿಸಿಲು ನೆತ್ತಿ ದಾಟಿತ್ತು. ಎಂಥಾ ಬಿಸಿಲು, ಒಂದು ತುಣುಕು ಮೋಡವಿಲ್ಲ, ಇಡೀ ಆಕಾಶ ಆ ಮೀನುಗಳಿಗಾಗಿಯೇ ಬಾಗಿಲು ತೆರೆದುಕೊಂಡು ಕೂತಿದೆ, ನಡುವೆ ತನ್ನದೊಂದು ಹಳೇ ಸೀರೆ. ತಾನು ಸುಮ್ಮನಿರುವ ಒಂದೊಂದು ಗಳಿಗೆಯೂ ಅಲ್ಲಿ ಅವುಗಳ ಉಸಿರಿನಿಂದ ಕಳೆಯುತ್ತಿದೆ ಎಂಬುದು ಅವಳಿಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಬೆಳಗ್ಗೆ ಮಾಡಿದ್ದು ಬೇಕಂತಲೋ ಅಲ್ಲವೋ ಶಿವನಿಗೇ ಗೊತ್ತು. ಆದರೆ ಈಗ ಫೋನ್ ಮಾಡದೆ ಕೂತಿರುವುದು ಬೇಕಂತಲೇ. ಇದಕ್ಕೆ ಸಾಕ್ಷಿ ಬೇಕಿಲ್ಲ.

ಫೋನ್ ತೆಗೆದಳು. ಅನುಪಮಾ ಎತ್ತಿದಳು.

"ಅನು, ಪ್ಯಾನೆಲ್ ಮೇಲೆ ಕೊಬ್ರಿ ಹರವಿ ಬಂದ್ಬುಟ್ಟೆ ಕಣಮ್ಮ. ಪೂರ್ತಿ ಮುಚ್ಚಿ. ಬಿಸಿ ಇದ್ರೆ ಸಾಕು ಅನ್ಕಂಡಿದ್ದೆ. ಕರೆಂಟೂ ಇಲ್ಲ. ಮೀನು..." ಅಲ್ಲಿಗೆ ದನಿ ನಿಂತುಹೋಯಿತು. ಬಸ್‌ಸ್ಟ್ಯಾಂಡಿನ ಜನ ನೋಡುತ್ತಿದ್ದಾರೋ ಇಲ್ಲವೋ ಎಂದು ನೋಡಲೂ ಅವಳಿಗೆ ನೆನಪಾಗಲಿಲ್ಲ.

"ಗೊತ್ತು ಅತ್ತೆ. ನಾನು ಮನೇಲೇ ಇದೀನಿ."

"ಮನೇಲಾ?"

"ಬ್ಯಾಟ್ರಿದು ನನ್ ಫೋನಿಗೆ ಬರುತ್ತಲ್ಲ. ಬಿಸ್ಲು ಇಷ್ಟೊಂದಿದ್ರೂ ಚಾರ್ಜೇ ಆಗ್ತಿಲ್ಲ ಅಂತ ತೋರಿಸ್ತು. ಒಂದೇ ಕ್ಲಾಸ್ ಮುಗಿಸಿ ರಜೆ ಬರೆದು ಬಂದೆ. ಈಗ ಮೋಟ್ರು ಓಡ್ತಾ ಐತೆ. ಮೀನು ಚೆನ್ನಾಗವೆ ಅತ್ತೆ. ನೀವು ಊಟ ಮಾಡಿದ್ರಾ?"

ಗಿರಿಜಾಂಬಿಕಾ ಬೆಂಚಿನ ಮೇಲೆ ಕೂತಳು. "ಹೂಂ," ಎಂದಳು. ಆಮೇಲೆ, "ಇಲ್ಲ ಕಣೆ, ಎಲೆ ಬಿಟ್ಟು ಎದ್ದು ಬಂದೆ," ಎಂದಳು. "ಅದುಕ್ಕೇ ನಿಮಗೆ ಫೋನ್ ಮಾಡ್ಲಿಲ್ಲ ನಾನು. ಹೇಳಿದ್ರೆ ಊಟ ಬಿಟ್ಟು ಓಡಿ ಬರ್ತೀರ ಅಂತ ಗೊತ್ತಿತ್ತು. ಬನ್ನಿ ಅತ್ತೆ, ಅನ್ನ ಇಡ್ತೀನಿ."

ಹೋದ ಜೀವ ಬಂದ ಹಾಗಾಯಿತು. ಹಂದನಕೆರೆಯ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತೋ ಇಲ್ಲವೋ, ಕಂಡಕ್ಟರ್ ಚಿಲ್ಲರೆ ಕೊಟ್ಟನೋ ಇಲ್ಲವೋ ಗೊತ್ತಾಗಲಿಲ್ಲ. ಹೊಟ್ಟೆ ಹಸಿಯುತ್ತಿದೆ ಎಂಬುದಷ್ಟೇ ಗೊತ್ತಾಯಿತು, ಎಷ್ಟೋ ವರ್ಷದಿಂದ ಇಂಥ ಹಸಿವು ಆಗಿರಲಿಲ್ಲ. ಕಿಟಕಿಯಿಂದ ಬರುತ್ತಿದ್ದ ಬಿಸಿ ಗಾಳಿಯನ್ನು ಬಾಯಿ ತೆರೆದು ನುಂಗಿದಳು. ದಾರಿಯ ಮನೆಗಳ ಮುಂದೆ ಕಾಯಿ ಸುಲಿಯುವವರು, ಸಿಪ್ಪೆಯ ಗುಡ್ಡೆ, ಹಗ್ಗದಲ್ಲಿ ಒಣಗಲು ಹಾಕಿದ ಬಟ್ಟೆ ಎಲ್ಲವೂ ಚೆನ್ನಾಗಿ ಕಂಡವು. ಎದುರು ಸೀಟಿನ ಮುದುಕ ಆಕಳಿಸಿದ್ದಕ್ಕೂ ನಗು ಬಂತು. ನೀವು ಓಡಿ ಬರ್ತೀರ ಅಂತ ಗೊತ್ತಿತ್ತು. ಹೇಗೆ ಗೊತ್ತಿತ್ತು ಇವಳಿಗೆ, ನನಗೇ ಗೊತ್ತಿಲ್ಲದ್ದು? ಆ ಮಾತನ್ನು ಅವಳು ಮನಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಊರು ಬರುವ ತನಕ ಕೂತಿದ್ದಳು.

ಗೇಟು ತೆಗೆದಾಗ ಮೋಟಾರಿನ ಸದ್ದು ಕೇಳಿಸಿತು. ದಿನವೂ ತಲೆ ತಿನ್ನುತ್ತಿದ್ದ ಅದೇ ಗುರ್ ಸದ್ದು. ಹಲಗೆಗಳು ಬತ್ತಲೆಯಾಗಿ ಬಿಸಿಲಿಗೆ ಮಿರುಗುತ್ತಿದ್ದವು. ಕೊಬ್ಬರಿ ಹೋಳುಗಳು ಜಗಲಿಯ ಬಿಸಿಲು ತಾಗುವಷ್ಟು ಅಂಚಿನಲ್ಲಿ ಅದೇ ಸೀರೆಯ ಮೇಲೆ, ಒಂದರ ಪಕ್ಕ ಒಂದರಂತೆ, ತಾನು ಜೋಡಿಸಿದ್ದ ಹಾಗೆಯೇ ಇದ್ದವು. ಅನುಪಮಾ ತೊಟ್ಟಿಯ ಹತ್ತಿರ ನಿಂತಿದ್ದಳು. ಕಾಲೇಜಿಗೆ ಉಟ್ಟುಹೋದ ಸೀರೆ ಸೊಂಟದವರೆಗೆ ಒದ್ದೆ, ತೋಳು ಕೆಂಪಾಗಿತ್ತು, ಪಕ್ಕದಲ್ಲಿ ಬಕೆಟ್ಟು. ಬ್ಯಾಟರಿ ಪೂರ್ತಿ ನಿಂತುಹೋಗಿತ್ತು, ಹಲಗೆಗೆ ಬಿಸಿಲು ತಾಗಿ ಮೋಟಾರು ಸರಿಯಾಗಿ ಓಡುವ ತನಕ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಹುಯ್ಯುತ್ತಿದ್ದೆ, ಹಾಗೆ ಹುಯ್ದರೆ ನೀರಿಗೆ ಗಾಳಿ ಸೇರುತ್ತದೆ ಎಂದಳು. ಗಿರಿಜಾಂಬಿಕಾ ಬಗ್ಗಿ ನೋಡಿದಳು. ಇಷ್ಟು ದಿನವಾದರೂ ಅವಳು ಈ ತೊಟ್ಟಿಯೊಳಗೆ ಬಗ್ಗಿ ನೋಡಿರಲಿಲ್ಲ. ಮೀನುಗಳು ಕೆಳಗೆ ಕಪ್ಪಗೆ ಸುತ್ತುತ್ತಿದ್ದವು, ಯಾವ ಅವಸರವೂ ಇಲ್ಲದೆ. ಒಂದು ಮೇಲೆ ಬಂದು ಬಾಲ ಬೀಸಿ ಅವಳ ಮುಖಕ್ಕೆ ನೀರು ಸಿಡಿಸಿ ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ.

ತಲೆ ಎತ್ತಿದಾಗ ಕಣದಾಚೆಯ ತೆಂಗಿನ ಬುಡ ಕಾಣಿಸಿತು. ಅಲ್ಲಿ ಮಣ್ಣು ಹೊಸದಾಗಿ ಕೆದಕಿತ್ತು, ಒಂದು ಮೊಳದಷ್ಟು ಉದ್ದಕ್ಕೆ, ಮೇಲೆ ಒಣಗರಿಯ ಚೂರು ಎಳೆದು ಹಾಕಿತ್ತು. ಗುದ್ದಲಿಗೆ ಇನ್ನೂ ಹಸಿಮಣ್ಣು ಅಂಟಿತ್ತು. ಗಿರಿಜಾಂಬಿಕಾ ಅದನ್ನು ನೋಡಿದಳು, ಅನುಪಮಾ ಅವಳು ನೋಡಿದ್ದನ್ನು ನೋಡಿದಳು.

"ಎಷ್ಟು?"

"ಒಂದೇ ಅತ್ತೆ. ಎಲ್ಲಕ್ಕಿಂತ ದೊಡ್ಡದು. ದೊಡ್ಡವಕ್ಕೇ ಗಾಳಿ ಜಾಸ್ತಿ ಬೇಕು. ನಾನು ಬರೋ ಹೊತ್ಗೆ ಹೋಗಿತ್ತು." ಅನುಪಮಾ ಬಕೆಟ್ಟಿನ ಹಿಡಿ ಹಿಡಿದುಕೊಂಡಳು. "ಹೇಳ್ಬಾರ್ದು ಅಂತ ಇದ್ದೆ."

"ನಾನು ಬೇಕಂತ ಮಾಡ್ದೆ ಅಂತ ಅನ್ನಿಸ್ಲಿಲ್ವೇನೆ ನಿಂಗೆ? ಅಕ್ಕನ ಹತ್ರ ಆವತ್ತು ನಾನು ಅಂದಿದ್ದು ಕೇಳಿಸ್ಕಂಡಿದ್ಯಲ್ಲ."

"ಕೇಳಿಸ್ಕಂಡಿದ್ದೆ." ಅನುಪಮಾಳ ತುಟಿಯ ಅಂಚಿನಲ್ಲಿ ಸಣ್ಣಗೆ ನಗು ಬಂತು. "ಬೇಕಂತ ಮಾಡೋರಾಗಿದ್ರೆ ಪ್ಲಗ್ ಕಿತ್ತು ಹೋಗ್ತಿದ್ರಿ ಅತ್ತೆ. ಕೊಬ್ರಿ ಹೋಳನ್ನ ಅಷ್ಟು ಚೆನ್ನಾಗಿ ಜೋಡಿಸ್ಕಂಡು ಕೂರ್ತಿದ್ರಾ? ಪಾಪ ಮಾಡೋಕೆ ಹೋಗಿ ಯಾರಾದ್ರೂ ಕೊಬ್ರಿ ಬಿಸ್ಲಲ್ಲಿ ಬಿಟ್ಟು ಊರಿಗೆ ಹೋಗ್ತಾರಾ, ಕೋತಿ ಪಾಲಾಗ್ಲಿ ಅಂತ?"

ಗಿರಿಜಾಂಬಿಕೆಗೆ ತಡೆಯಲಾಗದೆ ನಗು ಬಂತು. ಮೂರು ಬಸ್ಸಿನಲ್ಲಿ ತನ್ನನ್ನು ತಾನು ವಿಚಾರಣೆ ಮಾಡಿಕೊಂಡು ಬಂದವಳಿಗೆ ಈ ಒಂದು ಮಾತು ಹೊಳೆದಿರಲಿಲ್ಲ. ಲಾಯರು ಇವಳಾಗಿದ್ದರೆ ತುರುವೇಕೆರೆಯಲ್ಲೇ ಬಿಡುಗಡೆಯಾಗುತ್ತಿತ್ತು. ನಗುತ್ತ ನಗುತ್ತಲೇ ಕಣ್ಣು ತುಂಬಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಕೈಕಾಲು ತೊಳೆದು, ದೇವರ ಮನೆಯಿಂದ ವಿಭೂತಿ ಗಟ್ಟಿಯನ್ನು ತೆಗೆದುಕೊಂಡು ಹೊರಗೆ ಬಂದು, ತೆಂಗಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಣಗರಿ ಸರಿಸಿ, ವಿಭೂತಿಯನ್ನು ಎರಡು ಬೆರಳಲ್ಲಿ ಪುಡಿ ಮಾಡಿ ಆ ಹಸಿಮಣ್ಣಿನ ಮೇಲೆ ಉದುರಿಸಿದಳು.

"ಮೀನಿಗಾ ಅತ್ತೆ?" ಅನುಪಮಾ ಹಿಂದೆ ಬಂದು ನಿಂತಿದ್ದಳು.

"ನಮ್ಮಲ್ಲಿ ಹೂಳೋದೇ ಕ್ರಮ ಕಣೆ. ಬರೀ ಮಣ್ಣು ಎಳೆದು ಬುಡಬಾರ್ದು. ನಮ್ಮನೇಲಿ ಬೆಳೀತಲ್ಲ, ಇನ್ಯಾರ ಮನೇದು ಅದು?"

ಅನುಪಮಾ ಸಣ್ಣ ದನಿಯಲ್ಲಿ, "ಜೀವ ಹೋದ್ರೆ ತೊಟ್ಟಿ ಕೀಳಿಸ್ತೀನಿ ಅಂದಿದ್ರಿ," ಎಂದಳು. ಆ ದನಿ ಕೇಳಿ ಗಿರಿಜಾಂಬಿಕಾ ತಿರುಗಿ ನೋಡಿದಳು. ತಾನು ಬಸ್ಸಿನಲ್ಲಿ ಹೆದರಿಕೊಂಡು ಬಂದಷ್ಟೇ ಹೊತ್ತು ಈ ಹುಡುಗಿಯೂ ಇಲ್ಲಿ ನೀರು ಮೊಗೆಯುತ್ತ, ಗುಣಿ ತೋಡುತ್ತ, ತನಗೇ ಹೆದರಿಕೊಂಡು ಇದ್ದಾಳೆ.

"ಅಂದಿದ್ದೆ. ಹೋಗಿದ್ದು ನಿನ್ ಕೈಯಿಂದಲ್ಲ, ನನ್ ಕೈಯಿಂದ. ಕೀಳಿಸೋದಾದ್ರೆ ನನ್ನನ್ನೇ ಕೀಳಿಸ್ಬೇಕು." ಮಂಡಿಗೆ ಕೈ ಊರಿ ಏಳಲು ನೋಡಿದಳು, ಆಗಲಿಲ್ಲ. "ಎತ್ತೇ ನನ್ನ. ಬೆಳಗ್ಗೆಯಿಂದ ಒಂದು ತುತ್ತೂ ಹೊಟ್ಟೆಗೆ ಹೋಗಿಲ್ಲ."

ಅನುಪಮಾ ಒದ್ದೆ ಕೈ ಚಾಚಿದಳು. ಮೀನಿನ ನೀರು ಮುಟ್ಟಿದ ಕೈ ಎಂದು ಅರ್ಧಕ್ಕೇ ಹಿಂದೆಗೆದಳು. ಗಿರಿಜಾಂಬಿಕಾ ತಾನೇ ಮುಂದೆ ಬಾಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದಳು, ಜಗಲಿ ಹತ್ತುವ ತನಕ ಬಿಡಲಿಲ್ಲ.